ಮುತ್ತಜ್ಜನ ಹೆಸರು ಟೈಪ್ ಮಾಡುವ ಮೊದಲು

ನನ್ನ ವಂಶವೃಕ್ಷದಲ್ಲಿ ಎಂಟು ತಿಂಗಳು ಬೇರೆ ಯಾರದೋ ಮುತ್ತಜ್ಜ ಕೂತಿದ್ದರು. ಹೆಸರು ಅದೇ, ಊರೂ ಅದೇ. ಒಂದು ಸೈಟ್‌ನಲ್ಲಿ ‘ಇವರು ನಿಮ್ಮವರಿರಬಹುದು’ ಎಂದು ಸೂಚನೆ ಬಂತು, ನಾನು ಹಿಂದೆಮುಂದೆ ನೋಡದೆ ಹೌದು ಎಂದು ಒತ್ತಿಬಿಟ್ಟೆ. ಒಂದೇ ರಾತ್ರಿಯಲ್ಲಿ ನಾಲ್ಕು ತಲೆಮಾರು, ಅರವತ್ತು ಚಿಲ್ಲರೆ ಹೆಸರು ಬಂದು ನಮ್ಮ ಮರಕ್ಕೆ ಅಂಟಿಕೊಂಡವು. ಖುಷಿಯೋ ಖುಷಿ. ಮನೆಮಂದಿಗೆಲ್ಲ ತೋರಿಸಿ ಬೀಗಿದೆ. ಆಮೇಲೊಂದು ದಿನ ಸುಮ್ನೆ ವಯಸ್ಸಿನ ಲೆಕ್ಕ ಹಾಕಿ ನೋಡಿದರೆ, ಆ ಮನುಷ್ಯನಿಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ಅಜ್ಜ ಹುಟ್ಟಿರಬೇಕಿತ್ತು!

ಆ ಅರವತ್ತು ಹೆಸರುಗಳನ್ನು ಒಂದೊಂದಾಗಿ ಕೀಳಲು ಎರಡು ವಾರ ಹಿಡಿಯಿತು. ಸೈಟ್‌ನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ, ಅದು ‘ಇರಬಹುದು’ ಎಂದಷ್ಟೇ ಹೇಳಿತ್ತು. ‘ಹೌದು’ ಎಂದವಳು ನಾನು. ಅಂದಿನಿಂದ ನನ್ನದು ಒಂದೇ ನಿಯಮ. ಮರ ಎಷ್ಟು ದೊಡ್ಡದಾಯಿತು ಎಂದು ಎಣಿಸುವುದಿಲ್ಲ, ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಎಳೆದ ಪ್ರತಿ ಗೆರೆಗೂ ಆಧಾರ ಇದೆಯಾ ಎಂದು ನೋಡುತ್ತೇನೆ. ಆನ್‌ಲೈನ್‌ನಲ್ಲಿ ವಂಶವೃಕ್ಷ ಕಟ್ಟಿ ನೆಂಟರನ್ನು ಹುಡುಕುವ ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಿದ್ದರೆ ನನಗೆ ಆ ಎಂಟು ತಿಂಗಳು ಉಳಿಯುತ್ತಿತ್ತೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಒಂದು ಹಾಳೆ, ಒಂದು ಪೆನ್ನು

ಕಂಪ್ಯೂಟರ್ ಆಮೇಲೆ. ಹಾಳೆಯ ಮೇಲೆ ನಿಮ್ಮ ಹೆಸರು ಬರೆದು 1 ಎಂದು ನಂಬರ್ ಕೊಡಿ. ಅಪ್ಪ 2, ಅಮ್ಮ 3. ಅಪ್ಪನ ಅಪ್ಪ 4, ಅಪ್ಪನ ಅಮ್ಮ 5, ಅಮ್ಮನ ಅಪ್ಪ 6, ಅಮ್ಮನ ಅಮ್ಮ 7. ಲೆಕ್ಕ ಸುಲಭ: ಯಾರದೇ ನಂಬರನ್ನು ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೆ ಒಂದು ಸೇರಿಸಿದರೆ ಅವರ ಅಮ್ಮ. ಹಾಗಾಗಿ 23 ಎಂದರೆ ಅಪ್ಪನ ಅಮ್ಮನ ಅಮ್ಮನ ಅಮ್ಮ. ಬಾಯಲ್ಲಿ ಹೇಳುವುದಕ್ಕಿಂತ ನಂಬರೇ ಹಗುರ, ಅಲ್ವಾ? ಈ ಎಣಿಕೆ 1590ರಷ್ಟು ಹಿಂದೆಯೇ ಯುರೋಪಿನಲ್ಲಿ ಅಚ್ಚಾದ ವಂಶಾವಳಿಯಲ್ಲಿ ಇತ್ತು, ಇವತ್ತಿನ ಸಾಫ್ಟ್‌ವೇರ್‌ಗಳೂ ಇದನ್ನೇ ಬಳಸುತ್ತವೆ.

ಗೊತ್ತಿರುವುದನ್ನು ಪೆನ್ನಿನಲ್ಲಿ ಬರೆಯಿರಿ, ಅಂದಾಜನ್ನು ಪೆನ್ಸಿಲ್‌ನಲ್ಲಿ. ಹೆಸರು, ಹುಟ್ಟಿದ್ದು ಎಲ್ಲಿ ಯಾವಾಗ, ಮದುವೆ, ಸಾವು. ಇಷ್ಟು ಸಾಕು. ಖಾಲಿ ಜಾಗ ಕಂಡರೆ ಮುಜುಗರ ಬೇಡ. ಮುಂದೆ ಹುಡುಕಬೇಕಾದದ್ದನ್ನು ಆ ಖಾಲಿ ಜಾಗಗಳೇ ಹೇಳುತ್ತವೆ.

ಇಲ್ಲೇ ಒಂದು ಎಚ್ಚರಿಕೆ. ಹತ್ತು ತಲೆಮಾರು ಹಿಂದೆ ಹೋದರೆ ಆ ಒಂದೇ ಸಾಲಿನಲ್ಲಿ 1024 ಪೂರ್ವಜರ ಜಾಗ ಇರುತ್ತದೆ. (ನಿಜವಾಗಿ ಅಷ್ಟು ಜನ ಇರಬೇಕೆಂದಿಲ್ಲ, ದೂರದ ನೆಂಟರೊಳಗೇ ಮದುವೆಗಳಾಗಿ ಒಬ್ಬರೇ ಎರಡು ಮೂರು ಕಡೆ ಬಂದು ಕೂರುತ್ತಾರೆ.) ಎಲ್ಲರನ್ನೂ ಒಟ್ಟಿಗೆ ಹುಡುಕಲು ಹೊರಟರೆ ಮೂರನೇ ವಾರಕ್ಕೆ ಕೈಬಿಡುತ್ತೀರಿ. ಒಂದೇ ಒಂದು ಪ್ರಶ್ನೆ ಆರಿಸಿಕೊಳ್ಳಿ. ‘ಅಜ್ಜಿಯ ಅಕ್ಕ ಮದುವೆಯಾದ ಮೇಲೆ ಎಲ್ಲಿಗೆ ಹೋದರು?’ ಇಂಥದ್ದು. ‘ನಮ್ಮ ವಂಶದ ಮೂಲ ಯಾವುದು?’ ಎಂಬುದು ಪ್ರಶ್ನೆಯೇ ಅಲ್ಲ, ಅದಕ್ಕೆ ಉತ್ತರ ಕೊಡುವ ದಾಖಲೆ ಎಲ್ಲೂ ಇರುವುದಿಲ್ಲ.

2. ಹಿರಿಯರನ್ನು ಈ ವಾರವೇ ಮಾತಾಡಿಸಿ

ಸರ್ವರ್‌ನಲ್ಲಿರುವ ದಾಖಲೆ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ತೊಂಬತ್ತು ದಾಟಿದ ಅಜ್ಜಿಯ ಬಗ್ಗೆ ಹಾಗೆ ಹೇಳಲು ಆಗುವುದಿಲ್ಲ. ಇಡೀ ಲೇಖನದಲ್ಲಿ ನೀವು ಒಂದೇ ಹೆಜ್ಜೆ ಮಾಡುವುದಾದರೆ ಇದನ್ನು ಮಾಡಿ.

ಹೋಗಿ ಕೂತು ‘ನಿಮ್ಮ ಅಪ್ಪ ಯಾವ ವರ್ಷ ಹುಟ್ಟಿದ್ದು?’ ಎಂದು ಕೇಳಿದರೆ ‘ನಂಗೇನ್ ಗೊತ್ತು’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಇಸವಿ ಯಾರಿಗೂ ನೆನಪಿರುವುದಿಲ್ಲ. ಜನ ನೆನಪಿರುತ್ತಾರೆ, ಮನೆ ನೆನಪಿರುತ್ತದೆ, ಜಗಳವಂತೂ ಚೆನ್ನಾಗಿ ನೆನಪಿರುತ್ತದೆ. ‘ಅಜ್ಜಿ, ನೀವು ಚಿಕ್ಕವರಿದ್ದಾಗ ಆ ಮನೆಯಲ್ಲಿ ಯಾರ್ಯಾರು ಇದ್ರಿ?’ ಎಂದು ಕೇಳಿ ನೋಡಿ. ‘ನಿಮ್ಮ ಮದುವೆ ಆದಾಗ ತಮ್ಮನಿಗೆ ಎಷ್ಟು ವಯಸ್ಸಿರಬಹುದು? ಶಾಲೆಗೆ ಹೋಗ್ತಿದ್ದನಾ?’ ಎಂದು ಕೇಳಿದರೆ ಇಸವಿ ತಾನಾಗಿಯೇ ಹತ್ತಿರ ಬರುತ್ತದೆ. ಹಳೆಯ ಫೋಟೊ ಒಂದನ್ನು ಕೈಗೆ ಕೊಟ್ಟರಂತೂ ನೀವು ಕೇಳುವುದೇ ಬೇಡ.

ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಶುರುವಿನಲ್ಲಿ ದಿನಾಂಕವನ್ನೂ, ಮಾತಾಡುತ್ತಿರುವವರು ಯಾರು ಎನ್ನುವುದನ್ನೂ ಬಾಯಲ್ಲೇ ಹೇಳಿ. ನಲವತ್ತು ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ, ಅವರಿಗೂ ಸುಸ್ತಾಗುತ್ತದೆ. ಇನ್ನೊಂದು ದಿನ ಹೋದರೆ, ಮೊದಲ ದಿನ ನೆನಪಾಗದ್ದು ಅಷ್ಟರಲ್ಲಿ ನೆನಪಾಗಿರುತ್ತದೆ.

ಬರೆದುಕೊಳ್ಳುವಾಗ ನಮ್ಮ ಭಾಷೆ ಒಂದು ತಮಾಷೆ ಮಾಡುತ್ತದೆ. ‘ಅತ್ತೆ’ ಎಂದರೆ ಅಪ್ಪನ ತಂಗಿಯೂ ಹೌದು, ಸೋದರಮಾವನ ಹೆಂಡತಿಯೂ ಹೌದು, ಗಂಡನ ತಾಯಿಯೂ ಹೌದು. ‘ಮಾವ’ನೂ ಅಷ್ಟೇ. ‘ದೊಡ್ಡಮ್ಮ’ ಅಮ್ಮನ ಅಕ್ಕ ಇರಬಹುದು, ದೊಡ್ಡಪ್ಪನ ಹೆಂಡತಿ ಇರಬಹುದು. ಹೇಳುವವರಿಗೆ ಅದು ಸ್ಪಷ್ಟ. ಎರಡು ವರ್ಷದ ನಂತರ ಓದುವ ನಿಮಗೆ ಅಲ್ಲ. ಹಾಗಾಗಿ ಸಂಬಂಧವನ್ನು ಬಿಡಿಸಿ ಬರೆಯಿರಿ: ಅಪ್ಪನ ತಂಗಿ, ಅಮ್ಮನ ತಮ್ಮನ ಹೆಂಡತಿ. ಮನೆಯಲ್ಲಿ ಕರೆಯುವ ಹೆಸರು ಬೇರೆ, ದಾಖಲೆಯ ಹೆಸರು ಬೇರೆ ಇದ್ದರೆ ಎರಡನ್ನೂ ಬರೆದಿಡಿ. ನಾನು ಒಬ್ಬರನ್ನೇ ಇಬ್ಬರು ಎಂದುಕೊಂಡು ಒಂದು ತಿಂಗಳು ಹುಡುಕಿದ್ದೇನೆ.

ಫೋಟೊ, ಪತ್ರ, ಮದುವೆಯ ಆಮಂತ್ರಣ, ಶಾಲೆಯ ಸರ್ಟಿಫಿಕೇಟು, ಜಮೀನಿನ ಕಾಗದ, ಹಳೆಯ ಡೈರಿ, ಏನು ಸಿಕ್ಕರೂ ಸ್ಕ್ಯಾನ್ ಮಾಡಿ. ಫೋಟೊ ಆದರೆ 600 ಡಿಪಿಐ ಇರಲಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ! ಮುಂದೆ ಹತ್ತು ಮುಖ, ಹಿಂದೆ ಹತ್ತು ಹೆಸರು. ಎಷ್ಟೋ ಜನ ಮುಖಗಳನ್ನು ಮಾತ್ರ ತಂದು, ಹೆಸರುಗಳನ್ನು ಆಲ್ಬಮ್ಮಿಗೆ ಅಂಟಿಸಿಯೇ ಬಿಟ್ಟು ಬರುತ್ತಾರೆ.

3. ಯಾವ ಸೈಟ್?

ಎರಡು ಬಗೆಯ ಸೈಟುಗಳಿವೆ. ಈ ವ್ಯತ್ಯಾಸ ತಿಳಿಯದೆ ಅಕೌಂಟ್ ತೆರೆದರೆ ಆಮೇಲೆ ತಲೆಬಿಸಿ.

ಒಂದು ಬಗೆಯಲ್ಲಿ ಇಡೀ ಲೋಕಕ್ಕೆ ಒಂದೇ ಮರ. ನೀವು ಹಾಕಿದ ಮುತ್ತಜ್ಜನ ಪ್ರೊಫೈಲನ್ನು ಅವರ ಇನ್ನೊಬ್ಬ ಮರಿಮಗ ಎಲ್ಲಿಂದಲೋ ಬಂದು ತಿದ್ದಬಹುದು. ಫ್ಯಾಮಿಲಿಸರ್ಚ್, 2008ರಲ್ಲಿ ಶುರುವಾದ ವಿಕಿಟ್ರೀ, 2007ರ ಜೆನಿ ಇವೆಲ್ಲ ಹೀಗೆ. ಒಳ್ಳೆಯದೇನೆಂದರೆ ನೆಂಟರು ತಾವಾಗಿಯೇ ಬಂದು ಡಿಕ್ಕಿ ಹೊಡೆಯುತ್ತಾರೆ. ಕೆಟ್ಟದ್ದು ಏನೆಂದರೆ, ಬೆಳಗ್ಗೆ ಎದ್ದು ನೋಡಿದರೆ ನಿಮ್ಮ ಮುತ್ತಜ್ಜನಿಗೆ ಇನ್ನೊಬ್ಬ ಹೆಂಡತಿ ಬಂದಿರುತ್ತಾಳೆ.

ಇನ್ನೊಂದು ಬಗೆಯಲ್ಲಿ ನಿಮ್ಮ ಮರ ನಿಮ್ಮದೇ. ಆನ್‌ಸೆಸ್ಟ್ರಿ, ಮೈಹೆರಿಟೇಜ್ ಇಂಥವು. ಬೇರೆಯವರು ನೋಡಬಹುದು, ನಕಲು ಮಾಡಬಹುದು, ತಿದ್ದಲಾಗದು. ಮರ ಶುರುಮಾಡಲು ಬಿಡುತ್ತವೆ, ದಾಖಲೆಗಳನ್ನು ಪೂರ್ತಿ ತೆರೆಯಬೇಕಾದರೆ ಸಾಮಾನ್ಯವಾಗಿ ಚಂದಾ ಕೇಳುತ್ತವೆ. ಮೊದಲ ದಿನವೇ ವರ್ಷದ ಚಂದಾ ಕಟ್ಟಬೇಡಿ. ನಿಮ್ಮವರು ಬದುಕಿದ ದೇಶದ, ಆ ಕಾಲದ ದಾಖಲೆ ಅವರ ಬಳಿ ಇದೆಯಾ ಎಂದು ಸೈಟ್‌ನ ಪಟ್ಟಿಯಲ್ಲಿ ಮೊದಲು ನೋಡಿ. ಎಷ್ಟೋ ಗ್ರಂಥಾಲಯಗಳಲ್ಲಿ ಓದುಗರಿಗೆಂದೇ ಇವುಗಳ ಚಂದಾ ಇರುತ್ತದೆ, ಅಲ್ಲಿ ಕೂತು ನೋಡಬಹುದು.

ಫ್ಯಾಮಿಲಿಸರ್ಚ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಅದು ಪೂರ್ತಿ ಉಚಿತ. ನಡೆಸುತ್ತಿರುವುದು ಮಾರ್ಮನ್ ಚರ್ಚು ಎಂದು ಜನ ಕರೆಯುವ ಅಮೆರಿಕದ ಧಾರ್ಮಿಕ ಸಂಸ್ಥೆ. ಪೂರ್ವಜರನ್ನು ಹುಡುಕುವುದು ಅವರ ನಂಬಿಕೆಯ ಭಾಗ, ಅದಕ್ಕಾಗಿ 1894ರಲ್ಲೇ ಒಂದು ಸಂಘ ಕಟ್ಟಿದರು. 1938ರಿಂದ ದೇಶದೇಶ ಸುತ್ತಿ ಹಳೆಯ ರಿಜಿಸ್ಟರ್‌ಗಳನ್ನು ಮೈಕ್ರೊಫಿಲ್ಮ್‌ನಲ್ಲಿ ಸೆರೆಹಿಡಿದರು. ಹೀಗೆ ಸೇರಿದ್ದು ಸುಮಾರು 24 ಲಕ್ಷ ಸುರುಳಿ. ಅವನ್ನು ಡಿಜಿಟಲ್ ಮಾಡುವ ಕೆಲಸ 2021ರಲ್ಲಿ ಮುಗಿಯಿತು. ಬಳಸಲು ನೀವು ಆ ಧರ್ಮದವರಾಗಬೇಕಿಲ್ಲ, ಅಕೌಂಟ್ ಒಂದಿದ್ದರೆ ಆಯಿತು. ಕೆಲವು ಚಿತ್ರಗಳನ್ನು ಮಾತ್ರ ಅವರ ಕೇಂದ್ರಗಳಿಗೋ ಅವರ ಜತೆ ಸೇರಿದ ಗ್ರಂಥಾಲಯಗಳಿಗೋ ಹೋಗಿಯೇ ನೋಡಬೇಕು. ದಾಖಲೆಯ ಮೂಲ ಮಾಲೀಕರು ಹಾಗೆ ಷರತ್ತು ಹಾಕಿರುತ್ತಾರೆ.

ನನ್ನ ಸಲಹೆ ಏನೆಂದರೆ, ಅಸಲಿ ಮರ ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿರಲಿ. ಗ್ರಾಂಪ್ಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ನೋಡಲು ಹಳೇ ಕಾಲದ್ದರಂತಿದೆ, ಕೆಲಸ ಮಾತ್ರ ಗಟ್ಟಿ. ಸೈಟ್‌ಗಳಲ್ಲಿ ಅದರ ಪ್ರತಿ ಇಡಿ. ಒಂದರಿಂದ ಇನ್ನೊಂದಕ್ಕೆ ಸಾಗಿಸಲು ಗೆಡ್‌ಕಾಮ್ ಎಂಬ ಫೈಲ್ ಬಳಸುತ್ತಾರೆ, 1980ರ ದಶಕದಿಂದ ಇರುವ ಪದ್ಧತಿ. ಹೆಸರು, ದಿನಾಂಕ, ಸಂಬಂಧ ಎಲ್ಲ ಅದರಲ್ಲಿ ಹೋಗುತ್ತವೆ, ಫೋಟೊಗಳು ಸಾಮಾನ್ಯವಾಗಿ ಹೋಗುವುದಿಲ್ಲ. ಅವನ್ನು ಬೇರೆ ಫೋಲ್ಡರ್‌ನಲ್ಲಿ ಹಾಕಿ ಎರಡು ಕಡೆ ಬ್ಯಾಕಪ್ ಇಡಿ.

4. ಹುಡುಕುವುದು

ಹೊಸಬರು ಎಲ್ಲ ಖಾನೆಯನ್ನೂ ತುಂಬುತ್ತಾರೆ. ಪೂರ್ತಿ ಹೆಸರು, ನಿಖರ ದಿನಾಂಕ, ಊರು, ಅಪ್ಪ, ಅಮ್ಮ. ಉತ್ತರ ಸೊನ್ನೆ. ಯಾಕೆಂದರೆ ಅವುಗಳಲ್ಲಿ ಒಂದು ತಪ್ಪಾಗಿದ್ದರೂ ಸಾಕು, ಸರಿಯಾದ ದಾಖಲೆ ಹಿಂದೆ ಸರಿಯುತ್ತದೆ. ಕಡಿಮೆ ಹಾಕಿ. ಹೆಸರು, ಊರು, ಹಿಂದೆ ಐದು ಮುಂದೆ ಐದು ವರ್ಷದ ಅಂತರ. ತೀರಾ ಜಾಸ್ತಿ ಬಂದರೆ ಆಮೇಲೆ ಒಂದೊಂದಾಗಿ ಬಿಗಿ ಮಾಡುತ್ತ ಹೋಗಿ.

ಹೆಸರಿನ ಕಾಗುಣಿತವನ್ನು ನಂಬಬೇಡಿ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ, ನೂರು ವರ್ಷದ ನಂತರ ಯಾರೋ ಅದನ್ನು ಕಣ್ಣಿಗೆ ಕಂಡಂತೆ ಟೈಪ್ ಮಾಡಿದರು. ಒಂದು ಲಿಪಿಯ ಹೆಸರನ್ನು ಇನ್ನೊಂದು ಲಿಪಿಗೆ ತಂದಾಗಲಂತೂ ಒಂದೇ ಹೆಸರಿಗೆ ಆರೇಳು ರೂಪ. ಎಲ್ಲವನ್ನೂ ಬರೆದುಕೊಂಡು ಒಂದೊಂದನ್ನೂ ಹಾಕಿ ನೋಡಿ. ಬಹಳಷ್ಟು ಸೈಟುಗಳಲ್ಲಿ ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಗಳ ಬದಲಿಗಾದರೂ ನಿಲ್ಲುತ್ತದೆ, ಪ್ರಶ್ನೆ ಚಿಹ್ನೆ ಒಂದೇ ಅಕ್ಷರದ ಬದಲಿಗೆ. ಉಚ್ಚಾರಣೆ ಹೋಲುವ ಹೆಸರುಗಳನ್ನು ಒಟ್ಟಿಗೆ ತರುವ ಸೌಂಡೆಕ್ಸ್ ಎಂಬ ವಿಧಾನವೂ ಇದೆ. 1918ರಲ್ಲೇ ಪೇಟೆಂಟ್ ಆದದ್ದು. ಇಂಗ್ಲಿಷ್ ಹೆಸರುಗಳಿಗೆಂದು ಮಾಡಿದ್ದರಿಂದ ಬೇರೆ ಭಾಷೆಯ ಹೆಸರುಗಳಲ್ಲಿ ಅದು ಮುಗ್ಗರಿಸುತ್ತದೆ.

ಹೆಸರು ಸಿಗದಿದ್ದರೆ ಹೆಸರನ್ನೇ ಬಿಟ್ಟು ಹುಡುಕಿ. ಅಪ್ಪ ಅಮ್ಮನ ಹೆಸರು ಮಾತ್ರ ಹಾಕಿದರೆ ಮಕ್ಕಳೆಲ್ಲ ಸಾಲಾಗಿ ಬರಬಹುದು. ಅಕ್ಕ ತಂಗಿ, ಅಣ್ಣ ತಮ್ಮಂದಿರನ್ನು ಹುಡುಕಿ. ನಿಮ್ಮ ಅಜ್ಜಿಯ ದಾಖಲೆಯಲ್ಲಿ ಹಾರಿಹೋದ ತಾಯಿಯ ಹೆಸರು ಅವರ ತಮ್ಮನ ದಾಖಲೆಯಲ್ಲಿ ಅಂದವಾಗಿ ಕೂತಿರುತ್ತದೆ. ಪಕ್ಕದ ಮನೆಯವರು, ಮದುವೆಗೆ ಸಾಕ್ಷಿ ಹಾಕಿದವರು, ಹಡಗಿನ ಪಟ್ಟಿಯಲ್ಲಿ ಮುಂದಿನ ಸಾಲಿನಲ್ಲಿರುವವರು, ಇವರನ್ನೂ ಗಮನಿಸಿ. ಜನ ಒಂಟಿಯಾಗಿ ಊರು ಬಿಡುವುದು ಕಡಿಮೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಸೈಟ್‌ನಲ್ಲಿ ಇರುವುದೆಲ್ಲ ಹುಡುಕಾಟದಲ್ಲಿ ಸಿಗುವುದಿಲ್ಲ. ಹೆಸರಿನ ಸೂಚಿ ತಯಾರಾಗಿರುವ ದಾಖಲೆ ಮಾತ್ರ ಸಿಗುತ್ತದೆ. ಉಳಿದವು ಬರೀ ಚಿತ್ರಗಳಾಗಿ ಕೂತಿರುತ್ತವೆ. ಫ್ಯಾಮಿಲಿಸರ್ಚ್‌ನ ಕ್ಯಾಟಲಾಗ್‌ಗೆ ಹೋಗಿ ಊರಿನ ಹೆಸರು ಕೊಟ್ಟು, ರಿಜಿಸ್ಟರ್ ತೆರೆದು, ಪುಟ ಪುಟ ತಿರುವಬೇಕು. ಬೇಜಾರಿನ ಕೆಲಸವೇ. ಆದರೆ ನನಗೆ ಸಿಕ್ಕ ಒಳ್ಳೆಯ ದಾಖಲೆಗಳಲ್ಲಿ ಅರ್ಧ ಸಿಕ್ಕಿದ್ದು ಹೀಗೇ. ಈಚೆಗೆ ಅಲ್ಲಿ ಕಂಪ್ಯೂಟರೇ ಹಳೆಯ ಕೈಬರಹ ಓದಿ ಹುಡುಕಿಕೊಡುವ ಸೌಲಭ್ಯವೂ ಬಂದಿದೆ. ಎಲ್ಲ ಭಾಷೆಗೂ ಇಲ್ಲ, ಇದ್ದ ಕಡೆ ಸಮಯ ಉಳಿಯುತ್ತದೆ.

ಸೂಚಿಯಲ್ಲಿ ಹೆಸರು ಕಂಡ ಮೇಲೆ ಮೂಲ ಚಿತ್ರ ತೆರೆಯದೆ ಬಿಡಬೇಡಿ. ಅಂಚಿನಲ್ಲಿ ಬರೆದ ಸಣ್ಣ ಟಿಪ್ಪಣಿ, ಸಾಕ್ಷಿಗಳು, ವಿಳಾಸ, ಇವು ಸೂಚಿಗೆ ಬರುವುದೇ ಇಲ್ಲ.

ದಿನಾಂಕದ ಬಲೆಯೂ ಒಂದಿದೆ. ಬ್ರಿಟನ್ನು ಮತ್ತು ಅದರ ವಸಾಹತುಗಳು ನಾವು ಈಗ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹಾಗಾಗಿ ಅಲ್ಲಿನ ರಿಜಿಸ್ಟರ್‌ನಲ್ಲಿ 1720ರ ಫೆಬ್ರವರಿ ಎಂದಿದ್ದರೆ ಇಂದಿನ ಲೆಕ್ಕಕ್ಕೆ ಅದು 1721. ರಷ್ಯಾ ಈ ಕ್ಯಾಲೆಂಡರಿಗೆ ಬದಲಾದದ್ದು 1918ರಲ್ಲಿ. ತಂಗಿ ಅಕ್ಕನಿಗಿಂತ ಮೊದಲೇ ಹುಟ್ಟಿದಂತೆ ಕಂಡರೆ ಗಾಬರಿಯಾಗಬೇಡಿ, ಕ್ಯಾಲೆಂಡರ್ ನೋಡಿ.

ಕೆಲವು ದಾಖಲೆ ಸಿಗದಿರುವುದು ನಿಮ್ಮ ತಪ್ಪಲ್ಲ. ಅಮೆರಿಕದ ಜನಗಣತಿಯ ಹಾಳೆಗಳು 72 ವರ್ಷ ಗುಟ್ಟಾಗಿರುತ್ತವೆ, 1950ರದ್ದು ತೆರೆದದ್ದು 2022ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೂರು ವರ್ಷ ಕಾಯಬೇಕು. ಅಮೆರಿಕದ 1890ರ ಜನಗಣತಿ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾಯಿತು, ಇಂಗ್ಲೆಂಡಿನ 1931ರದ್ದು 1942ರಲ್ಲಿ ಸುಟ್ಟುಹೋಯಿತು. ನಿಮ್ಮವರ ಊರಿನ ದಾಖಲೆಗೂ ಬೆಂಕಿಯೋ ಗೆದ್ದಲೋ ತಗುಲಿರಬಹುದು. ಹುಡುಕುವ ಮೊದಲೇ ಅದು ಉಳಿದಿದೆಯಾ ಎಂದು ವಿಚಾರಿಸಿದರೆ ವಾರಗಟ್ಟಲೆ ಶ್ರಮ ಉಳಿಯುತ್ತದೆ.

5. ಸಿಕ್ಕಿದ್ದು ನಿಮ್ಮವರೇನಾ?

ನಾನು ಎಡವಿದ್ದು ಇಲ್ಲೇ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರುವುದು ಮಾಮೂಲು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಕಡೆಯಂತೂ ಒಂದೇ ಹೊತ್ತಿನಲ್ಲಿ ಆ ಹೆಸರಿನ ಅಣ್ಣತಮ್ಮಂದಿರ ಮಕ್ಕಳು ಸಾಲಾಗಿ ಇರುತ್ತಾರೆ. ಹೆಸರು ಹೊಂದಿತು ಎಂದರೆ ಇನ್ನೂ ಏನೂ ಆಗಿಲ್ಲ ಎಂದೇ ತಿಳಿಯಿರಿ.

ಮೊದಲು ವಯಸ್ಸು. ತಾಯಿಗೆ ಹದಿನೈದು ತುಂಬಿತ್ತಾ, ಐವತ್ತು ದಾಟಿತ್ತಾ? ಸತ್ತ ಮೇಲೆ ಸಾಕ್ಷಿ ಸಹಿ ಹಾಕಿದ್ದಾರಾ? ನಗಬೇಡಿ, ಆನ್‌ಲೈನ್ ಮರಗಳಲ್ಲಿ ಇಂಥದ್ದು ಬೇಕಾದಷ್ಟಿದೆ. ಆಮೇಲೆ ಜಾಗ: ಒಂದು ವರ್ಷ ಇಲ್ಲಿ, ಮುಂದಿನ ವರ್ಷ ಸಾವಿರ ಮೈಲಿ ಆಚೆ, ಮತ್ತೆ ಇಲ್ಲಿ ಎಂದರೆ ಇಬ್ಬರು ಮನುಷ್ಯರನ್ನು ಒಂದು ಮಾಡಿದ್ದೀರಿ. ಕೊನೆಗೆ ಸುತ್ತಲಿನ ಜನ, ಅಂದರೆ ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರ ಹೆಸರುಗಳ ಗುಂಪು. ಒಂದು ಹೆಸರು ಆಕಸ್ಮಿಕವಾಗಿ ಹೊಂದಬಹುದು, ಐದು ಹೊಂದುವುದು ಕಷ್ಟ.

ಪ್ರತಿ ದಾಖಲೆಗೂ ಒಂದು ಪ್ರಶ್ನೆ ಕೇಳಿ: ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು? ಮರಣ ಪತ್ರದಲ್ಲಿ ಸತ್ತ ದಿನಾಂಕ ಸರಿಯಿರುವುದೇ ಹೆಚ್ಚು. ಅದೇ ಪತ್ರದಲ್ಲಿರುವ ಹುಟ್ಟಿದ ದಿನಾಂಕವನ್ನು ಹೇಳಿದ್ದು ಬಹುಶಃ ಮಗನೋ ಅಳಿಯನೋ. ಅವರೇನು ಆ ಹುಟ್ಟನ್ನು ನೋಡಿದ್ದರಾ? ಸಮಾಧಿಯ ಕಲ್ಲೂ ಹಾಗೇ. ಫೈಂಡ್ ಎ ಗ್ರೇವ್ ಎಂಬ ಸೈಟ್‌ನಲ್ಲಿ 1995ರಿಂದ ಜನ ಸಮಾಧಿಗಳ ಫೋಟೊ ಹಾಕುತ್ತಿದ್ದಾರೆ, ತುಂಬಾ ಉಪಯೋಗದ ಜಾಗ. ಆದರೆ ಕಲ್ಲನ್ನು ಎಷ್ಟೋ ವರ್ಷದ ಮೇಲೆ ನೆನಪಿನಿಂದ ಕೆತ್ತಿಸಿರಲೂಬಹುದು.

ಮನೆತನದ ಕಥೆಗಳನ್ನೂ ಹೀಗೇ ನೋಡಿ. ಹಡಗಿನಲ್ಲಿ ಬಂದ ವಲಸಿಗರನ್ನು ತಪಾಸಣೆ ಮಾಡಿ ಒಳಬಿಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ನಮ್ಮ ಹೆಸರು ಬದಲಿಸಿಬಿಟ್ಟರು ಎಂದು ಅಮೆರಿಕದ ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ಅಲ್ಲಿನವರು ಹೆಸರು ಬರೆಯುತ್ತಲೇ ಇರಲಿಲ್ಲ. ಹಡಗು ಹೊರಟ ಕಡೆ ತಯಾರಾದ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಾಳೆ ನೋಡುತ್ತಿದ್ದರು, ಅಷ್ಟೇ. ಹೆಸರು ಬದಲಿಸಿಕೊಂಡವರು ಬಹುಪಾಲು ತಾವೇ, ಅದೂ ಆಮೇಲೆ.

ಬೇರೆಯವರ ಆನ್‌ಲೈನ್ ಮರ ದಾಖಲೆಯಲ್ಲ, ಸುಳಿವು. ಹತ್ತು ಮರಗಳಲ್ಲಿ ಒಂದೇ ಮಾಹಿತಿ ಇದ್ದರೆ ಹತ್ತು ಸಾಕ್ಷಿ ಎಂದುಕೊಳ್ಳಬೇಡಿ. ಒಬ್ಬರು ತಪ್ಪು ಮಾಡಿ ಒಂಬತ್ತು ಜನ ನಕಲು ಹೊಡೆದಿರಬಹುದು. ನನ್ನ ಆ ಅರವತ್ತು ಹೆಸರುಗಳನ್ನು ಅಷ್ಟರಲ್ಲಿ ಇಬ್ಬರು ನಕಲು ಮಾಡಿಕೊಂಡಿದ್ದರು. ಇಬ್ಬರಿಗೂ ಬರೆದು ತಪ್ಪೊಪ್ಪಿಕೊಂಡೆ. ಒಬ್ಬರು ತೆಗೆದರು, ಇನ್ನೊಬ್ಬರ ಮರದಲ್ಲಿ ಇವತ್ತಿಗೂ ಇವೆ.

ಎಲ್ಲಿ ಹುಡುಕಿ ಏನೂ ಸಿಗಲಿಲ್ಲ ಎನ್ನುವುದನ್ನೂ ಬರೆದಿಡಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಅದೇ ರಿಜಿಸ್ಟರನ್ನು ಮತ್ತೆ ತಿರುವುತ್ತ ಕೂತಿರುತ್ತೀರಿ.

6. ಡಿಎನ್‌ಎ ಪರೀಕ್ಷೆ: ಬೇಕಾದರೆ ಮಾತ್ರ

ಜೊಲ್ಲು ಕೊಟ್ಟು ಮಾಡಿಸುವ ಸಾಮಾನ್ಯ ಪರೀಕ್ಷೆ ಅಪ್ಪ ಅಮ್ಮ ಎರಡೂ ಕಡೆಯ ನೆಂಟರನ್ನು ತೋರಿಸುತ್ತದೆ. ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೊಸೋಮಿನ ಪರೀಕ್ಷೆ ಅಪ್ಪನಿಂದ ಮಗನಿಗೆ ಇಳಿಯುವ ಗಂಡು ಸಾಲನ್ನು ಮಾತ್ರ ತೋರಿಸುತ್ತದೆ, ಮೈಟೊಕಾಂಡ್ರಿಯದ ಪರೀಕ್ಷೆ ತಾಯಿಯಿಂದ ತಾಯಿಗೆ ಹೋಗುವ ಸಾಲನ್ನು. ಹೊಸಬರಿಗೆ ಮೊದಲನೆಯದು ಸಾಕು.

ನೀವು ಇಂತಿಷ್ಟು ಶೇಕಡ ಇಂಥ ಪ್ರದೇಶದವರು ಎಂದು ಬಣ್ಣಬಣ್ಣದ ನಕ್ಷೆ ಕೊಡುತ್ತಾರಲ್ಲ, ಅದನ್ನು ನಾನು ನೋಡಿ ನಕ್ಕು ಮುಚ್ಚುತ್ತೇನೆ. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಅದೇ ಕಂಪನಿಯಲ್ಲೂ ಒಂದೆರಡು ವರ್ಷಕ್ಕೆ ಬದಲಾಗುತ್ತದೆ. ಬೆಲೆಯಿರುವುದು ಹೊಂದಿಕೆಯಾದ ನೆಂಟರ ಪಟ್ಟಿಗೆ.

ಆ ಪಟ್ಟಿಯಲ್ಲಿ ಸೆಂಟಿಮಾರ್ಗನ್ ಎಂಬ ಅಳತೆ ಇರುತ್ತದೆ, ನಿಮ್ಮಿಬ್ಬರ ಡಿಎನ್‌ಎ ಎಷ್ಟು ಹೊಂದುತ್ತದೆ ಎಂದು ಅದು ಹೇಳುತ್ತದೆ. ಅಪ್ಪ ಅಥವಾ ಅಮ್ಮ ಎಂದರೆ ಸುಮಾರು 3,500. ಒಡಹುಟ್ಟಿದವರು 2,600ರ ಆಸುಪಾಸು. ಅಜ್ಜ ಅಜ್ಜಿ ಒಂದೇ ಆಗಿರುವ ಫಸ್ಟ್ ಕಸಿನ್ ಸರಾಸರಿ 850ರಿಂದ 870, ಮುತ್ತಜ್ಜ ಮುತ್ತಜ್ಜಿ ಒಂದೇ ಆಗಿರುವ ಸೆಕೆಂಡ್ ಕಸಿನ್ 230ರ ಹತ್ತಿರ, ಅದರಾಚೆಯ ಥರ್ಡ್ ಕಸಿನ್ 70 ಚಿಲ್ಲರೆ. ಇವು ಸರಾಸರಿ. 850 ಬಂದರೆ ಫಸ್ಟ್ ಕಸಿನ್ ಇರಬಹುದು, ಅಜ್ಜಿಯ ತಂಗಿಯೂ ಇರಬಹುದು. ಅಳತೆಯೊಂದೇ ಸಂಬಂಧ ಹೇಳುವುದಿಲ್ಲ, ವಯಸ್ಸು ಮತ್ತು ಕಾಗದ ಜತೆಗಿರಬೇಕು. ಹೆಚ್ಚಾಗಿ ನೆಂಟರೊಳಗೇ ಮದುವೆಯಾಗುವ ಸಮುದಾಯಗಳಲ್ಲಿ ಅಳತೆ ಉಬ್ಬಿರುತ್ತದೆ, ದೂರದವರೂ ಹತ್ತಿರದವರಂತೆ ಕಾಣುತ್ತಾರೆ. ಹೊಂದಿಕೆಯಾಗದಿದ್ದರೆ ನೆಂಟರಲ್ಲ ಎಂದೂ ಅಲ್ಲ. ಥರ್ಡ್ ಕಸಿನ್‌ಗಳಲ್ಲಿ ಹತ್ತರಲ್ಲಿ ಒಬ್ಬರು, ಅದರಾಚೆಯ ಫೋರ್ತ್ ಕಸಿನ್‌ಗಳಲ್ಲಿ ಸುಮಾರು ಅರ್ಧದಷ್ಟು ಜನ ಪಟ್ಟಿಗೇ ಬರುವುದಿಲ್ಲ.

ಮಾಡಿಸುವ ಮೊದಲು ಒಂದು ರಾತ್ರಿ ಯೋಚಿಸಿ. ಅಪ್ಪ ಎಂದುಕೊಂಡವರು ಅಪ್ಪನಲ್ಲ, ಗೊತ್ತಿಲ್ಲದ ಅಕ್ಕ ಒಬ್ಬರಿದ್ದಾರೆ ಎಂಬ ಸುದ್ದಿ ಇಲ್ಲಿ ಬರುತ್ತದೆ. ಬಂದ ಮೇಲೆ ವಾಪಸ್ ಕಳಿಸಲು ಆಗದು. ಮಾಹಿತಿ ಗುಟ್ಟಾಗಿ ಉಳಿಯುತ್ತದಾ ಎಂಬ ಮಾತೂ ಇದೆ. ಇಂಥ ಪರೀಕ್ಷೆ ಮಾಡುವ 23ಆ್ಯಂಡ್‌ಮಿ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಕ್ಯಾಲಿಫೋರ್ನಿಯಾದ ಪೊಲೀಸರು 2018ರಲ್ಲಿ ದಶಕಗಳ ಹಿಂದಿನ ಸರಣಿ ಕೊಲೆಗಳ ಆರೋಪಿಯನ್ನು ಹಿಡಿದದ್ದು ಇಂಥ ಸೈಟ್‌ಗಳಲ್ಲಿ ಸಿಕ್ಕ ದೂರದ ನೆಂಟರ ಡಿಎನ್‌ಎ ಮೂಲಕ. ಕೊಲೆಗಾರ ಸಿಕ್ಕಿದ್ದು ಒಳ್ಳೆಯದೇ. ಆದರೆ ಲೆಕ್ಕ ಗೊತ್ತಿರಲಿ, ನಿಮ್ಮ ಜೊಲ್ಲಿನಲ್ಲಿ ನಿಮ್ಮ ನೆಂಟರದ್ದೂ ಪಾಲಿದೆ. ಹತ್ತಿರದವರಿಗೆ ಹೇಳಿ ಮಾಡಿಸಿ. ಅಜ್ಜಿಗೆ ‘ಸುಮ್ನೆ ಉಗುಳಿ ಅಜ್ಜಿ’ ಎಂದು ಹೇಳಿ ಮಾಡಿಸುವುದು ಮೋಸ.

7. ನೆಂಟರಿಗೆ ಮೊದಲ ಸಂದೇಶ

ಹೆಚ್ಚಿನವರು ಸೋಲುವುದು ಇಲ್ಲಿ. ನಾನು ಬರೆದ ಮೊದಲ ಸಂದೇಶ ಎರಡು ಪುಟ ಇತ್ತು. ಹದಿನಾಲ್ಕು ಪ್ರಶ್ನೆ, ಕೊನೆಯಲ್ಲಿ ‘ನಿಮ್ಮ ಮನೆಯವರೆಲ್ಲರ ಜನ್ಮದಿನಾಂಕ ಕಳಿಸಿ’ ಬೇರೆ. ಉತ್ತರ ಬರಲಿಲ್ಲ. ನಾನಾಗಿದ್ದರೂ ಕೊಡುತ್ತಿರಲಿಲ್ಲ.

ಒಂದು ವರ್ಷದ ನಂತರ ಅದೇ ವ್ಯಕ್ತಿಗೆ ಇಷ್ಟು ಬರೆದೆ:

‘ನಮಸ್ಕಾರ. ನಿಮ್ಮ ಮರದಲ್ಲಿರುವ ನಿಮ್ಮ ಅಜ್ಜಿಯವರು ನಮ್ಮ ಮುತ್ತಜ್ಜಿಯ ತಂಗಿ ಇರಬಹುದು ಅನಿಸುತ್ತಿದೆ. ಈ ಫೋಟೊ ನಮ್ಮ ಮನೆಯಲ್ಲಿ ಸಿಕ್ಕಿತು, ಎಡಗಡೆ ನಿಂತಿರುವವರು ಅವರೇನಾ? ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಫೋಟೊ ನಿಮ್ಮಲ್ಲೂ ಇರಲಿ ಎಂದು ಕಳಿಸುತ್ತಿದ್ದೇನೆ.’

ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು. ಯಾಕೆ ಎಂದು ನೋಡಿ. ನಾನು ಯಾರ ಕಡೆಯವಳು ಎಂಬುದು ಮೊದಲ ಸಾಲಿನಲ್ಲೇ ಇದೆ. ಪ್ರಶ್ನೆ ಒಂದೇ. ಕೇಳುವ ಮೊದಲು ಕೊಡುತ್ತಿದ್ದೇನೆ. ಉತ್ತರ ಗೊತ್ತಿಲ್ಲದಿದ್ದರೆ ಬಿಡಲು ದಾರಿಯೂ ಇದೆ.

ಸಂದೇಶ ಸೈಟ್‌ನೊಳಗಿಂದಲೇ ಕಳಿಸಿ. ತಿಂಗಳಾದರೂ ಉತ್ತರ ಬರದಿದ್ದರೆ ಇನ್ನೊಮ್ಮೆ ನೆನಪಿಸಿ, ಅದಾದ ಮೇಲೆ ಬಿಟ್ಟುಬಿಡಿ. ಎಷ್ಟೋ ಜನ ಒಂದು ಸಲ ಅಕೌಂಟ್ ತೆರೆದು ಮತ್ತೆ ಲಾಗಿನ್ ಆಗಿರುವುದಿಲ್ಲ. ಅವರ ಫೋನ್ ನಂಬರ್ ಹೇಗೋ ಪತ್ತೆಮಾಡಿ ರಾತ್ರಿ ಕರೆ ಮಾಡುವುದೆಲ್ಲ ಬೇಡ. ಡಿಎನ್‌ಎಯಿಂದ ಏನಾದರೂ ಗುಟ್ಟು ಬಯಲಾಗಿದ್ದರೆ ಅದನ್ನು ಮೊದಲ ಸಂದೇಶದಲ್ಲಿ ಹಾಕಲೇಬೇಡಿ, ‘ನಮ್ಮಿಬ್ಬರ ಹೊಂದಿಕೆ ಕಂಡಿತು, ಎಲ್ಲಿಂದ ಎಂದು ನಿಮಗೆ ಅಂದಾಜಿದೆಯಾ?’ ಎಂದು ಕೇಳಿ ಸುಮ್ಮನಿರಿ. ಅವರಿಗೆ ಎಷ್ಟು ಗೊತ್ತೋ, ಎಷ್ಟು ಹೇಳಬೇಕೆನಿಸುತ್ತದೋ ಅಷ್ಟು ಬರಲಿ.

ನೀವೂ ಹುಷಾರಾಗಿರಿ. ಬದುಕಿರುವವರ ಹುಟ್ಟಿದ ದಿನ, ವಿಳಾಸ, ತಾಯಿಯ ತವರಿನ ಹೆಸರು ಯಾರೋ ‘ನಾನು ನಿಮ್ಮ ನೆಂಟ’ ಎಂದ ಮಾತ್ರಕ್ಕೆ ಕೊಡಬೇಡಿ. ಇವನ್ನೇ ಎಷ್ಟೋ ಕಡೆ ಪಾಸ್‌ವರ್ಡ್ ಮರೆತಾಗ ಕೇಳುತ್ತಾರೆ. ಮರದಲ್ಲೂ ಬದುಕಿರುವವರನ್ನು ಮರೆಮಾಡಿಡಿ, ಒಳ್ಳೆಯ ಸೈಟುಗಳಲ್ಲಿ ಅದು ತಾನಾಗಿಯೇ ಆಗುತ್ತದೆ. ಆದರೆ ಯಾರಾದರೂ ತೀರಿಕೊಂಡಿದ್ದಾರೆಂದು ತಪ್ಪಾಗಿ ಗುರುತು ಹಾಕಿದರೆ ಎಲ್ಲ ಬಯಲಾಗುತ್ತದೆ. ನಮ್ಮ ಚಿಕ್ಕಪ್ಪನನ್ನು ನಾನು ಹಾಗೆ ಒಂದು ದಿನದ ಮಟ್ಟಿಗೆ ಸಾಯಿಸಿದ್ದೆ. ಅವರು ಇನ್ನೂ ಅದನ್ನೇ ಹೇಳಿಕೊಂಡು ಆಡಿಕೊಳ್ಳುತ್ತಾರೆ.

ನೆಂಟರು ಸಿಕ್ಕ ಮೇಲೆ ಮಾತು ಹೇಗೆ ಬೆಳೆಸಬೇಕು ಎಂದು ನಾನು ಹೇಳಬೇಕಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಉತ್ತರ ಕೊಟ್ಟವರು ಸಂಬಂಧದಲ್ಲಿ ನನಗೆ ಚಿಕ್ಕಮ್ಮ ಆಗಬೇಕು. ಅವರ ಬಳಿ ಅದೇ ಫೋಟೊದ ಇನ್ನೊಂದು ಪ್ರತಿ ಇತ್ತು. ನಮ್ಮದರ ಹಿಂಬದಿ ಖಾಲಿ, ಅವರದರ ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಐದು ಹೆಸರು. ನಮ್ಮ ಹಾಳೆಯ 11ನೇ ನಂಬರಿಗೆ ಹೆಸರು ಸಿಕ್ಕಿದ್ದು ಹಾಗೆ. ಆಮೇಲೆ ಆ ಹೆಸರನ್ನು ಹಿಡಿದು ಹೋದರೆ ರಿಜಿಸ್ಟರ್‌ನಲ್ಲೂ ಸಿಕ್ಕಿತು, ವಯಸ್ಸೂ ಹೊಂದಿತು. 23 ಇನ್ನೂ ಖಾಲಿ. ಅದಕ್ಕೂ ಒಂದು ಸೂಚನೆ ಬಂದು ಕೂತಿದೆ, ‘ಇವರು ನಿಮ್ಮವರಿರಬಹುದು’ ಎಂದು. ಮೂರು ವಾರವಾಯಿತು, ಇನ್ನೂ ಒತ್ತಿಲ್ಲ.